ತಡವಾಗಿ ಕೊಲ್ಲುವ ಮದ್ದು

ಮಳೆಗಾಲ ಕಾಲಿಟ್ಟಿತೆಂದರೆ ನಾವು ನೆಲೆಸಿರುವ ಮಹಾನಗರಗಳಲ್ಲಿ ಜ್ವರದ ಕಾಲವೂ ಕಾಲಿಡುತ್ತದೆ. ಮುಂಬಯಿಯ ಚಾಳುಗಳಲ್ಲಿ, ಪುಣೆಯ ಹೊರವಲಯದಲ್ಲಿ ಏಳುತ್ತಿರುವ ಕಟ್ಟಡಗಳ ಬುಡದ ತಗಡಿನ ಶೆಡ್ಡುಗಳಲ್ಲಿ, ಚೆನ್ನೈ ಹೈದರಾಬಾದುಗಳ ಬಾಡಿಗೆ ಕೋಣೆಗಳಲ್ಲಿ ಯಾರದಾದರೂ ಮೈ ಬಿಸಿಯಾದರೆ ಸುತ್ತಲಿನವರಿಂದ ಬರುವ ಸಲಹೆ ಸಾಮಾನ್ಯವಾಗಿ ಒಂದೇ: ‘ಒಂದು ಆಂಟಿಬಯಾಟಿಕ್ ತೆಗೆದುಕೊಂಡುಬಿಡಿ, ಸರಿಹೋಗುತ್ತದೆ.’ ಜ್ವರ ಯಾವುದೆಂದು ಕೇಳುವವರು ಕಡಿಮೆ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆಸಿ ನೋಡಿಸುವವರು ಇನ್ನೂ ಕಡಿಮೆ. ಮದ್ದಿನಂಗಡಿಯ ಕಟ್ಟೆಯ ಮೇಲೆಯೇ ರೋಗನಿರ್ಣಯ ಮುಗಿದು, ನಾಲ್ಕು ಗುಳಿಗೆಗಳ ಪಟ್ಟಿ ಕೈಸೇರುತ್ತದೆ.

ಈ ಸಲಹೆ ಪೂರ್ತಿ ಸುಳ್ಳಾಗಿದ್ದರೆ ಬೇಗ ಬಯಲಾಗುತ್ತಿತ್ತು. ಇದರಲ್ಲಿ ಅರ್ಧ ಸತ್ಯವಿದೆ, ಅಪಾಯವಿರುವುದೂ ಅಲ್ಲಿಯೇ. ಬ್ಯಾಕ್ಟೀರಿಯಗಳಿಗೆಂದು ಮಾಡಿದ ಕೆಲವು ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯವೇ ಅಲ್ಲದ ಮಲೇರಿಯಾ ಪರೋಪಜೀವಿಯನ್ನೂ ನಿಜವಾಗಿಯೇ ಕೊಲ್ಲುತ್ತವೆ. ಆದರೆ ತಡವಾಗಿ ಕೊಲ್ಲುತ್ತವೆ. ಈ ತಡ ಎಲ್ಲಿಂದ ಬಂತು, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಕನ್ನಡದಲ್ಲಿ ತಿಳಿಯಾಗಿ ಹೇಳುವುದು ಹೊರನಾಡಿನ ಕನ್ನಡಿಗರಾದ ನಮ್ಮೆಲ್ಲರ ಹೊಣೆಯೆಂಬುದು ಈ ಬರಹದ ನಿಲುವು.

ಮೊದಲು ಈ ಮದ್ದುಗಳು ಎಲ್ಲಿ ಪೆಟ್ಟು ಕೊಡುತ್ತವೆ ಎಂಬುದನ್ನು ನೋಡೋಣ. ಪ್ರತಿಯೊಂದು ಜೀವಕೋಶದಲ್ಲಿಯೂ ಪ್ರೋಟೀನುಗಳನ್ನು ಕಟ್ಟುವ ಅತಿಸೂಕ್ಷ್ಮ ಯಂತ್ರಗಳಿವೆ. ಅವಕ್ಕೆ ರೈಬೋಸೋಮ್ ಎಂದು ಹೆಸರು. ಅಲ್ಲಿ ನಡೆಯುವ ಕೆಲಸವನ್ನು ವಿಜ್ಞಾನಿಗಳು ‘ಅನುವಾದ’ ಎಂದೇ ಕರೆಯುತ್ತಾರೆ. ಮನೆಯಲ್ಲೊಂದು ನುಡಿ, ಬೀದಿಯಲ್ಲೊಂದು ನುಡಿ, ಕಚೇರಿಯಲ್ಲಿ ಮತ್ತೊಂದು ನುಡಿ ಆಡುತ್ತ ದಿನವಿಡೀ ಅನುವಾದದಲ್ಲೇ ಬದುಕುವ ನಮಗೆ ಈ ಹೆಸರು ಕೂಡಲೇ ಆಪ್ತವಾದೀತು. ವಂಶವಾಹಿಯ ಸಂದೇಶ ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರುತ್ತದೆ. ಅದರ ಪ್ರತಿಯೊಂದು ಪದಕ್ಕೂ ಮೂರೇ ಅಕ್ಷರ. ರೈಬೋಸೋಮು ಆ ಪದಗಳನ್ನು ಒಂದೊಂದಾಗಿ ಓದುತ್ತ, ಅವುಗಳಿಗೆ ತಕ್ಕ ಅಮೈನೊ ಆಮ್ಲಗಳನ್ನು ಮಣಿಗಳಂತೆ ಪೋಣಿಸುತ್ತ ಹೋಗುತ್ತದೆ. ಸರ ಮುಗಿದಾಗ ಪ್ರೋಟೀನು ಸಿದ್ಧ. ಅನುವಾದ ನಿಂತರೆ ಬಾಳೂ ನಿಲ್ಲುತ್ತದೆ.

ಈ ಯಂತ್ರದ ಒಳರಚನೆಯನ್ನು ಅಣು ಅಣುವಾಗಿ ಬಿಡಿಸಿ ತೋರಿಸಿದ್ದಕ್ಕಾಗಿ 2009ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಮೂವರಿಗೆ ಸಂದಿತು. ಅವರಲ್ಲೊಬ್ಬರು ಚಿದಂಬರಂನಲ್ಲಿ ಹುಟ್ಟಿ ಬರೋಡಾದಲ್ಲಿ ಓದಿದ ವೆಂಕಟರಾಮನ್ ರಾಮಕೃಷ್ಣನ್. ಇನ್ನಿಬ್ಬರು ಥಾಮಸ್ ಸ್ಟೈಟ್ಜ್ ಮತ್ತು ಅದಾ ಯೊನಾಥ್. ಆಂಟಿಬಯಾಟಿಕ್ ಅಣುಗಳು ರೈಬೋಸೋಮಿನ ಯಾವ ಸಂದಿಯಲ್ಲಿ ಹೋಗಿ ಕೂರುತ್ತವೆ ಎಂಬುದು ಇಂಥ ಸಂಶೋಧನೆಯಿಂದಲೇ ಕಣ್ಣಿಗೆ ಕಾಣುವಂತಾಯಿತು. ರೈಬೋಸೋಮಿಗೆ ಎರಡು ಭಾಗಗಳು, ಒಂದು ಚಿಕ್ಕದು, ಒಂದು ದೊಡ್ಡದು. ಟೆಟ್ರಾಸೈಕ್ಲಿನ್ ಕುಟುಂಬದ ಮದ್ದುಗಳು ಚಿಕ್ಕ ಭಾಗವನ್ನು ಹಿಡಿದು, ಹೊಸ ಅಮೈನೊ ಆಮ್ಲವನ್ನು ಹೊತ್ತು ತರುವ ಅಣುವಿಗೆ ಕೂರಲು ಜಾಗವೇ ಇಲ್ಲದಂತೆ ಮಾಡುತ್ತವೆ. ಕ್ಲಿಂಡಾಮೈಸಿನ್ ದೊಡ್ಡ ಭಾಗದಲ್ಲಿ, ಮಣಿಗೆ ಮಣಿ ಬೆಸೆಯುವ ಜಾಗದಲ್ಲಿ ನೆಲೆಯೂರುತ್ತದೆ. ಅಜಿತ್ರೋಮೈಸಿನ್ ಹೊಸ ಸರ ಹೊರಬರುವ ಸುರಂಗಕ್ಕೆ ಅಡ್ಡ ನಿಲ್ಲುತ್ತದೆ. ಮೂರೂ ಮಾಡುವ ಕೆಲಸ ಒಂದೇ: ಅನುವಾದಕನ ಕೈ ಕಟ್ಟುವುದು.

ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಮದ್ದು ಆರಿಯೋಮೈಸಿನ್. 1948ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಿಂದ ಅದು ಹೊರಬಂತು. ಮಣ್ಣಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯದಿಂದ ಅದನ್ನು ಕಂಡುಹಿಡಿದವರು ಬೆಂಜಮಿನ್ ಡಗ್ಗರ್. ಆಗ ಅಲ್ಲಿನ ಸಂಶೋಧನೆಯ ನೇತೃತ್ವ ವಹಿಸಿದ್ದವರು ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಯಲ್ಲಾಪ್ರಗಡ ಸುಬ್ಬರಾವ್. ಆ ವರ್ಷವೇ ಅವರು ತೀರಿಕೊಂಡರು. ಇಂದು ನಮ್ಮ ಮದ್ದಿನಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ ಡಾಕ್ಸಿಸೈಕ್ಲಿನ್ ಅದೇ ಕುಟುಂಬದಲ್ಲಿ 1960ರ ದಶಕದಲ್ಲಿ ಬಂದ ಕಿರಿಯ ಕೂಸು. ಮಣ್ಣಿನ ಒಂದು ಜೀವಿ ಇನ್ನೊಂದನ್ನು ಹಿಮ್ಮೆಟ್ಟಿಸಲು ಮಾಡಿಕೊಂಡ ಆಯುಧವನ್ನೇ ನಾವು ನಮ್ಮ ರೋಗಗಳ ಮೇಲೆ ಪ್ರಯೋಗಿಸುತ್ತಿದ್ದೇವೆ. ಬ್ಯಾಕ್ಟೀರಿಯದ ರೈಬೋಸೋಮಿಗೂ ನಮ್ಮ ಜೀವಕೋಶದ ಮುಖ್ಯ ರೈಬೋಸೋಮಿಗೂ ರಚನೆಯಲ್ಲಿ ಸಾಕಷ್ಟು ಅಂತರವಿದೆ. ಮದ್ದು ಅದನ್ನು ಹಿಡಿದು ನಮ್ಮನ್ನು ಬಿಡುವುದು ಈ ಅಂತರದ ಬಲದಿಂದ.

ಇಲ್ಲಿ ಒಂದು ಒಗಟು ಹುಟ್ಟುತ್ತದೆ. ಮಲೇರಿಯಾ ತರುವ ಪ್ಲಾಸ್ಮೋಡಿಯಮ್ ಬ್ಯಾಕ್ಟೀರಿಯವಲ್ಲ. ನಮ್ಮಂತೆ ಅದಕ್ಕೂ ಕೋಶಕೇಂದ್ರವಿದೆ, ಅದರ ಮುಖ್ಯ ರೈಬೋಸೋಮು ನಮ್ಮದರ ದಾಯಾದಿ. ಹೀಗಿರುವಾಗ ಟೆಟ್ರಾಸೈಕ್ಲಿನ್ ಅದರ ಕೂದಲನ್ನೂ ಕೊಂಕಿಸಬಾರದಿತ್ತು. ಆದರೂ ಈ ಮದ್ದುಗಳು ಮಲೇರಿಯಾವನ್ನು ನಿಧಾನವಾಗಿ ತಗ್ಗಿಸುತ್ತವೆಂಬುದು ವೈದ್ಯರ ಅನುಭವಕ್ಕೆ ಬಂದಿತ್ತು. ಗುಣ ಮೊದಲು ತಿಳಿಯಿತು. ಕಾರಣ ತಿಳಿಯಲು ದಶಕಗಳೇ ಬೇಕಾದವು.

ಆ ಕಾರಣದ ಎಳೆ ಸಿಕ್ಕಿದ್ದು ಪರೋಪಜೀವಿಯೊಳಗೆ ಕಂಡ, ಬಳೆಯಂತೆ ದುಂಡಾದ ಒಂದು ಪುಟ್ಟ ಡಿಎನ್‌ಎಯಲ್ಲಿ. 1970ರ ದಶಕದಲ್ಲಿಯೇ ಅದು ಕಣ್ಣಿಗೆ ಬಿದ್ದಿತ್ತು. ಆಗ ಎಲ್ಲರೂ ಅದನ್ನು ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯದ ಡಿಎನ್‌ಎ ಎಂದೇ ಭಾವಿಸಿದರು. 1990ರ ದಶಕದಲ್ಲಿ ಲಂಡನ್ನಿನ ಇಯಾನ್ ವಿಲ್ಸನ್ ಮತ್ತು ಸಂಗಡಿಗರು ಅದನ್ನು ಅಕ್ಷರ ಬಿಡದೆ ಓದಿದರು. ಅದು ಮೈಟೊಕಾಂಡ್ರಿಯದ್ದಲ್ಲ, ಸಸ್ಯಗಳ ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟಿನ ಡಿಎನ್‌ಎಗೆ ಹೋಲುವಂಥದ್ದು ಎಂಬುದು ಖಚಿತವಾಯಿತು. 1996ರಲ್ಲಿ ಮೆಲ್ಬರ್ನಿನ ಜೆಫ್ರಿ ಮೆಕ್‌ಫ್ಯಾಡನ್ ಮತ್ತವರ ತಂಡ, ಮರುವರ್ಷ ಅಮೆರಿಕದ ಡೇವಿಡ್ ರೂಸ್ ಅವರ ತಂಡ ಈ ಡಿಎನ್‌ಎ ವಾಸಿಸುವ ಕೋಣೆಯನ್ನೂ ಗುರುತಿಸಿದವು. ಅದಕ್ಕೆ ಅಪಿಕೊಪ್ಲಾಸ್ಟ್ ಎಂಬ ಹೆಸರು ನಿಂತಿತು.

ನೆತ್ತರಿನ ಕತ್ತಲೆಯಲ್ಲಿ ಬಾಳುವ ರೋಗಾಣುವಿನ ಹೊಟ್ಟೆಯಲ್ಲಿ ಸೂರ್ಯನ ಬೆಳಕನ್ನು ಉಣ್ಣುತ್ತಿದ್ದ ಅಂಗವೊಂದರ ಅವಶೇಷ! ಇದು ಹೇಗೆ ಬಂತು? ಕೋಟ್ಯಂತರ ವರ್ಷಗಳ ಹಿಂದೆ, ಬೆಳಕಿನಿಂದ ಆಹಾರ ಮಾಡಿಕೊಳ್ಳಬಲ್ಲ ಬ್ಯಾಕ್ಟೀರಿಯವೊಂದನ್ನು ಮತ್ತೊಂದು ಜೀವಕೋಶ ನುಂಗಿತು. ಅರಗಿಸಿಕೊಳ್ಳದೆ ಒಳಗೇ ಇಟ್ಟುಕೊಂಡಿತು. ಆ ಸಂತತಿಯಲ್ಲಿ ಹುಟ್ಟಿದ ಪಾಚಿಯೊಂದನ್ನು, ಇಂದು ಹೆಚ್ಚಿನವರು ಒಪ್ಪುವಂತೆ ಕೆಂಪು ಪಾಚಿಯೊಂದನ್ನು, ಪ್ಲಾಸ್ಮೋಡಿಯಮಿನ ಪೂರ್ವಜ ನುಂಗಿತು. ಪರೋಪಜೀವಿಯಾಗಿ ಒಳಗಿನ ಬಾಳಿಗೆ ಒಗ್ಗಿಕೊಂಡ ಮೇಲೆ ಹಸಿರು ಅಳಿಯಿತು, ಮನೆ ಮಾತ್ರ ಉಳಿಯಿತು. ಆ ಮನೆಯ ಸುತ್ತ ಇರುವ ನಾಲ್ಕು ಪೊರೆಗಳು ಈ ಎರಡು ನುಂಗುವಿಕೆಗಳ ಗುರುತುಗಳಾಗಿ ಇಂದಿಗೂ ನಿಂತಿವೆ. ಒಳಗೆ ಅದರದೇ ಡಿಎನ್‌ಎ ಇದೆ. ಆ ಡಿಎನ್‌ಎಯ ಸಂದೇಶವನ್ನು ಅನುವಾದಿಸಲು ಬ್ಯಾಕ್ಟೀರಿಯ ಮಾದರಿಯ ಅದರದೇ ರೈಬೋಸೋಮುಗಳಿವೆ. ಟೆಟ್ರಾಸೈಕ್ಲಿನ್, ಕ್ಲಿಂಡಾಮೈಸಿನ್, ಅಜಿತ್ರೋಮೈಸಿನ್‌ಗಳು ಹುಡುಕಿಕೊಂಡು ಹೋಗುವುದು ಈ ರೈಬೋಸೋಮುಗಳನ್ನೇ.

ಅಜ್ಜಿಯರು ಹೇಳುತ್ತಿದ್ದ ಕತೆಗಳಲ್ಲಿ ರಾಕ್ಷಸನ ಜೀವ ಅವನ ಮೈಯಲ್ಲಿರುವುದಿಲ್ಲ. ಏಳು ಸಮುದ್ರಗಳಾಚೆ, ಮರದ ಪೊಟರೆಯಲ್ಲಿ, ಪಂಜರದೊಳಗಿನ ಗಿಳಿಯಲ್ಲಿ ಇರುತ್ತದೆ. ಎಷ್ಟು ಬಾಣ ಬಿಟ್ಟರೂ ರಾಕ್ಷಸ ಸಾಯುವುದಿಲ್ಲ. ಗಿಳಿಯ ಕೊರಳು ಹಿಸುಕಿದರೆ ನಿಂತಲ್ಲೇ ಕುಸಿಯುತ್ತಾನೆ. ಮಲೇರಿಯಾ ಪರೋಪಜೀವಿಗೂ ಇಂಥದೊಂದು ಗಿಳಿಯಿದೆ. ಮನುಷ್ಯನೊಳಗೆ ಕೆಂಪು ರಕ್ತಕಣ, ಅದರೊಳಗೆ ಪರೋಪಜೀವಿ, ಅದರೊಳಗೆ ನಾಲ್ಕು ಪೊರೆಗಳ ಪಂಜರ, ಅದರೊಳಗೆ ಗಿಳಿ. ಆದರೆ ಅಜ್ಜಿಯ ಕತೆಗೂ ಈ ಕತೆಗೂ ಒಂದು ವ್ಯತ್ಯಾಸವಿದೆ. ಇಲ್ಲಿ ಗಿಳಿಯ ಕೊರಳು ಹಿಸುಕಿದ ಮೇಲೆಯೂ ರಾಕ್ಷಸ ಎಂದಿನಂತೆ ತಿರುಗಾಡುತ್ತಾನೆ, ಮಕ್ಕಳನ್ನೂ ಹುಟ್ಟಿಸುತ್ತಾನೆ. ಕುಸಿಯುವವರು ಆ ಮಕ್ಕಳು.

ಇದಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರನ್ನು ಕನ್ನಡದಲ್ಲಿ ‘ತಡವಾದ ಸಾವು’ ಎನ್ನಬಹುದು. ಫಾಲ್ಸಿಪಾರಮ್ ಎಂಬ ಮಾರಕ ಜಾತಿಯ ಪರೋಪಜೀವಿ ಒಂದು ಕೆಂಪು ರಕ್ತಕಣವನ್ನು ಹೊಕ್ಕು, ಬೆಳೆದು, ಹದಿನಾರರಿಂದ ಮೂವತ್ತೆರಡು ಮರಿಗಳಾಗಿ ಒಡೆದು ಹೊರಬರಲು ಸುಮಾರು 48 ಗಂಟೆ ಬೇಕು. ಪ್ರತಿ ಮರಿಗೂ ತಾಯಿಯಿಂದ ಒಂದೊಂದು ಅಪಿಕೊಪ್ಲಾಸ್ಟ್ ಸಲ್ಲಬೇಕು. ಡಾಕ್ಸಿಸೈಕ್ಲಿನ್ ಸೇರಿದ ಮೊದಲ ಸುತ್ತಿನಲ್ಲಿ ಪರೋಪಜೀವಿಗೆ ಮೇಲುನೋಟಕ್ಕೆ ಏನೂ ಆಗುವುದಿಲ್ಲ. ಅದು ಬೆಳೆಯುತ್ತದೆ, ಒಡೆಯುತ್ತದೆ, ಮರಿಗಳು ಹೊಸ ರಕ್ತಕಣಗಳನ್ನು ಹೊಗುತ್ತವೆ. ಆದರೆ ಅವಕ್ಕೆ ಸಂದದ್ದು ಕೆಟ್ಟ ಆಸ್ತಿ, ಕೆಲವಕ್ಕೆ ಅದೂ ಇಲ್ಲ. ಎರಡನೆಯ ಸುತ್ತಿನಲ್ಲಿ ಅವು ಬೆಳವಣಿಗೆ ನಿಂತು ಸಾಯುತ್ತವೆ. ಎಂದರೆ ಗುಳಿಗೆ ನುಂಗಿದ ಗಳಿಗೆಯಿಂದ ಎರಡು ದಿನ ಶತ್ರುವಿನ ಸಂಖ್ಯೆ ಏರುತ್ತಲೇ ಇರಬಹುದು. ಮದ್ದಿನ ಪೂರ್ಣ ಫಲ ಕಾಣುವ ಹೊತ್ತಿಗೆ ನಾಲ್ಕು ದಿನಗಳಾಗಿರುತ್ತವೆ.

ಆ ಪುಟ್ಟ ಕೋಣೆ ಇಷ್ಟು ಮುಖ್ಯವೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನವರೂ ಇದ್ದಾರೆ. 2001ರಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ, ಪರೋಪಜೀವಿ ಕೊಬ್ಬಿನ ಆಮ್ಲಗಳನ್ನು ಕಟ್ಟುವ ದಾರಿಯ ಕಿಣ್ವವೊಂದನ್ನು ಟ್ರೈಕ್ಲೋಸಾನ್ ಎಂಬ ಸೋಂಕುನಿವಾರಕ ತಡೆಯುತ್ತದೆಂದು ತೋರಿಸಿದರು. ಆ ಕಿಣ್ವದ ನೆಲೆ ಅಪಿಕೊಪ್ಲಾಸ್ಟ್. ಆ ಸಂಶೋಧನೆ ಜಗತ್ತಿನ ಗಮನವನ್ನು ಈ ಕೋಣೆಯತ್ತ ಸೆಳೆಯಿತು. ಮುಂದೆ ಆ ಕಿಣ್ವದ ವಂಶವಾಹಿಯನ್ನೇ ಕಿತ್ತುಹಾಕಿ ನೋಡಿದವರಿಗೆ, ರಕ್ತದಲ್ಲಿರುವಾಗ ಪರೋಪಜೀವಿ ಅದಿಲ್ಲದೆಯೂ ಬದುಕಬಲ್ಲದು, ಯಕೃತ್ತಿನ ಹಂತದಲ್ಲಿ ಮಾತ್ರ ಅದು ಬೇಕಾಗುತ್ತದೆ ಎಂಬುದು ಕಂಡಿತು. 2011ರಲ್ಲಿ ಕ್ಯಾಲಿಫೋರ್ನಿಯದ ಎಲೆನ್ ಯೆ ಮತ್ತು ಜೋಸೆಫ್ ಡಿರೈಸಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಐಪಿಪಿ ಎಂಬ ಒಂದೇ ಒಂದು ರಾಸಾಯನಿಕವನ್ನು ಹೊರಗಿನಿಂದ ಉಣಿಸಿದರೆ, ಅಪಿಕೊಪ್ಲಾಸ್ಟನ್ನೇ ಕಳೆದುಕೊಂಡ ಪರೋಪಜೀವಿಗಳೂ ಪ್ರಯೋಗಾಲಯದ ರಕ್ತದಲ್ಲಿ ಬದುಕಿ ಬೆಳೆದವು. ರಕ್ತದ ಹಂತದಲ್ಲಿ ಆ ಮನೆ ಒಡೆಯನಿಗೆ ಸಲ್ಲಿಸುವ ಬಿಡಲಾಗದ ಸೇವೆ ಇದೊಂದೇ ಎಂದು ಇದರಿಂದ ಗೊತ್ತಾಯಿತು. ಗಿಳಿಯ ಗುಟುಕುಜೀವ ಎಲ್ಲಿದೆಯೆಂದು ಹೀಗೆ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರ ಕೆಲಸ ನಿಂತು ತಿಳಿಯುತ್ತ ಬಂತು. ಜ್ವರಕ್ಕೂ ಪಾಚಿಗೂ ಏನು ನಂಟು ಎಂದು ಕೇಳಿ ಇಂಥ ಕುತೂಹಲಕ್ಕೆ ಹಣ ಒದಗಿಸಲು ಹಿಂಜರಿಯುವವರು ಈ ಕತೆಯನ್ನು ಒಮ್ಮೆ ಓದಬೇಕು.

ಈಗ ಮದ್ದಿನಂಗಡಿಯ ಕಟ್ಟೆಗೆ ಮರಳೋಣ. ಪರೋಪಜೀವಿಯ ಗಡಿಯಾರಕ್ಕೆ 48 ಗಂಟೆಗಳ ಸುತ್ತು, ಡಾಕ್ಸಿಸೈಕ್ಲಿನ್‌ಗೆ ಬೇಕಾದದ್ದು ಅಂಥ ಎರಡು ಸುತ್ತು. ಆದರೆ ರೋಗಿಯ ಗಡಿಯಾರ ಬೇರೆ. ಫಾಲ್ಸಿಪಾರಮ್ ಹೊಕ್ಕ ರಕ್ತಕಣಗಳು ಮಿದುಳಿನ, ಮೂತ್ರಪಿಂಡದ ಕಿರುನಾಳಗಳಲ್ಲಿ ಅಂಟಿಕೊಂಡು ಹರಿವನ್ನು ತಡೆಯುತ್ತವೆ. ನಿನ್ನೆ ನಡೆದಾಡುತ್ತಿದ್ದವರು ಇಂದು ಪ್ರಜ್ಞೆ ತಪ್ಪುವುದುಂಟು. ಈ ಜ್ವರದಲ್ಲಿ ಒಂದು ದಿನದ ವಿಳಂಬವೂ ದುಬಾರಿ. ಪರೋಪಜೀವಿಯ ತಡವಾದ ಸಾವಿಗಾಗಿ ಕಾಯುತ್ತ ಕುಳಿತರೆ ರೋಗಿಯ ಸಾವು ಮೊದಲು ಬರಬಹುದು. ಆದ್ದರಿಂದಲೇ ತಿಳಿದ ವೈದ್ಯರು ಮಲೇರಿಯಾಕ್ಕೆ ಈ ಆಂಟಿಬಯಾಟಿಕ್‌ಗಳನ್ನು ಒಂಟಿಯಾಗಿ ಕೊಡುವುದಿಲ್ಲ. ಕ್ವಿನೈನ್‌ನಂಥ ಬೇಗ ಹೊಡೆಯುವ ಮದ್ದಿನ ಜೊತೆಗಾರನಾಗಿ ಏಳು ದಿನಗಳ ಮಟ್ಟಿಗೆ ಕೊಡುತ್ತಾರೆ. ಮೊದಲನೆಯದು ಬೆಂಕಿ ಆರಿಸುತ್ತದೆ, ಎರಡನೆಯದು ಕೆಂಡ ಉಳಿಯದಂತೆ ನೋಡಿಕೊಳ್ಳುತ್ತದೆ. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಡಾಕ್ಸಿಸೈಕ್ಲಿನ್ ಬದಲು ಕ್ಲಿಂಡಾಮೈಸಿನ್ ಆರಿಸುತ್ತಾರೆ. ಇನ್ನು ಇಂದು ಮಲೇರಿಯಾದ ಮುಂಚೂಣಿಯ ಮದ್ದು ಆರ್ಟಿಮಿಸಿನಿನ್ ಆಧಾರಿತ ಜೋಡಿಮದ್ದು. ಆಂಟಿಬಯಾಟಿಕ್ ನಿಲ್ಲುವುದು ಎರಡನೆಯ ಸಾಲಿನಲ್ಲಿ.

ಈ ನಿಧಾನಗುಣವೇ ಬೇರೊಂದು ಕಡೆ ಉಪಯೋಗಕ್ಕೆ ಬರುತ್ತದೆ. ಮಲೇರಿಯಾ ಇರುವ ನಾಡಿಗೆ ಹೋಗುವ ಪ್ರಯಾಣಿಕರಿಗೆ ರೋಗ ಬಾರದಂತೆ ದಿನಕ್ಕೊಂದು ಡಾಕ್ಸಿಸೈಕ್ಲಿನ್ ಕೊಡುವ ಪದ್ಧತಿಯಿದೆ. ಹೊರಡುವ ಒಂದೆರಡು ದಿನ ಮೊದಲೇ ಆರಂಭಿಸಿ, ಮರಳಿದ ಮೇಲೆಯೂ ನಾಲ್ಕು ವಾರ ನುಂಗಬೇಕು. ಯಕೃತ್ತಿನಲ್ಲಿ ಅಡಗಿದ್ದು ತಡವಾಗಿ ರಕ್ತಕ್ಕಿಳಿಯುವ ಪರೋಪಜೀವಿಗಳನ್ನು ಕಾದು ಹಿಡಿಯಬೇಕಲ್ಲ! ಶತ್ರು ಇನ್ನೂ ಬಾಗಿಲಿಗೆ ಬಾರದಿದ್ದಾಗ ನಿಧಾನಿಯಾದ ಕಾವಲುಗಾರ ಸಾಕು. ಶತ್ರು ನಡುಮನೆಗೆ ನುಗ್ಗಿದಾಗ ಸಾಲದು.

ಈ ಭೇದವನ್ನು ಅರಿಯದೆ ಜ್ವರ ಬಂದ ಕೂಡಲೇ ಆಂಟಿಬಯಾಟಿಕ್ ನುಂಗುವುದರಿಂದ ಆಗುವ ಕೇಡು ಮೂರು ಬಗೆಯದು. ಮೊದಲನೆಯದು, ‘ಮದ್ದು ತೆಗೆದುಕೊಂಡಿದ್ದೇನೆ’ ಎಂಬ ಸಮಾಧಾನದಲ್ಲಿ ಪರೀಕ್ಷೆ ಮುಂದೆ ಹೋಗುತ್ತದೆ. ಎರಡನೆಯದು, ಜ್ವರ ಒಮ್ಮೆ ತಗ್ಗಿದೊಡನೆ ಗುಳಿಗೆ ನಿಲ್ಲುತ್ತದೆ. ಮಲೇರಿಯಾ ಬಿಟ್ಟು ಬಿಟ್ಟು ಬರುವ ಜ್ವರ, ತಗ್ಗುವುದು ಅದರ ಸ್ವಭಾವವೇ ಹೊರತು ಗುಣವಾದ ಗುರುತಲ್ಲ. ಸಾಲ, ಬೆಂಕಿ, ಹಗೆ, ರೋಗ ಇವುಗಳ ಶೇಷ ಉಳಿಸಬಾರದೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮೂರನೆಯದು, ಪ್ರವಾಹದ ನೀರಿನಲ್ಲಿ ನಡೆದವರಿಗೆ ಇಲಿಜ್ವರ ಬಾರದಿರಲೆಂದು ಮುಂಬಯಿಯಂಥ ನಗರಗಳಲ್ಲಿ ಡಾಕ್ಸಿಸೈಕ್ಲಿನ್ ಕೊಡುವುದುಂಟು. ಇದು ಸರಿಯಾದ ಕ್ರಮವೇ. ಆದರೆ ಆ ಒಂದು ಬಾರಿಯ ಗುಳಿಗೆಯನ್ನು ಸೊಳ್ಳೆಯ ಜ್ವರಕ್ಕೂ ರಕ್ಷೆಯೆಂದು ನಂಬಿ ಕೂತರೆ ಅದು ಬೇರೆಯೇ ಕತೆ. ಇಲಿಜ್ವರಕ್ಕೂ ಸ್ಕ್ರಬ್ ಟೈಫಸ್‌ಗೂ ಒಳ್ಳೆಯ ಆಯುಧವಾದದ್ದು ಮಲೇರಿಯಾಕ್ಕೆ ಅರೆ ಆಯುಧ, ವೈರಸ್ಸಿನಿಂದ ಬರುವ ಡೆಂಗಿಗೆ ಆಯುಧವೇ ಅಲ್ಲ. ಮೈ ಬಿಸಿಯಾದದ್ದನ್ನು ಮಾತ್ರ ನೋಡಿ ಇವುಗಳನ್ನು ಬೇರ್ಪಡಿಸಲು ಯಾರಿಗೂ ಆಗದು.

ಇದಕ್ಕೆ ಎದುರಾಗಿ ಬರುವ ಒಂದು ವಾದವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ದಿನಗೂಲಿಯವನಿಗೆ ಪರೀಕ್ಷೆಯೆಂದರೆ ಒಂದು ದಿನದ ಕೂಲಿ ಹೋದಂತೆ. ವರದಿ ನೋಡಲು ಮತ್ತೊಮ್ಮೆ ಬಾ ಎಂದರೆ ಅವನು ಬರುವುದಿಲ್ಲ. ಇದನ್ನರಿತ ಬೀದಿಬದಿಯ ಚಿಕಿತ್ಸಾಲಯದವರು ಇರುವ ಒಂದೇ ಭೇಟಿಯಲ್ಲಿ ಏನಾದರೂ ಕೊಟ್ಟು ಕಳಿಸುತ್ತಾರೆ. ಅವರೆಲ್ಲರೂ ಲೋಭಿಗಳೆಂದು ನಾವು ಹೇಳುವುದಿಲ್ಲ. ಆದರೆ ಕಾಲ ಬದಲಾಗಿದೆ. ಬೆರಳು ಚುಚ್ಚಿ ಒಂದು ಹನಿ ರಕ್ತದಿಂದ ಅರ್ಧ ಗಂಟೆಯೊಳಗೆ ಉತ್ತರ ಹೇಳುವ ಪಟ್ಟಿಗಳು ಬಂದಿವೆ. ಅನುಮಾನ ಬಂದ ಪ್ರತಿಯೊಂದು ಮಲೇರಿಯಾವನ್ನೂ ಪರೀಕ್ಷೆಯಿಂದ ಖಚಿತಪಡಿಸಿಕೊಂಡೇ ಚಿಕಿತ್ಸೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಿಂದ ಹೇಳುತ್ತಿದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಲೇರಿಯಾದ ಪರೀಕ್ಷೆಗೂ ಮದ್ದಿಗೂ ಹಣ ಕೊಡಬೇಕಾಗಿಲ್ಲ. ಅರ್ಧ ಗಂಟೆಯ ಕೂಲಿ ಉಳಿಸಲು ಹೋಗಿ ತಿಂಗಳ ಕೂಲಿಯನ್ನೂ ಕೆಲವೊಮ್ಮೆ ಜೀವವನ್ನೂ ಕಳೆದುಕೊಳ್ಳುವ ಲೆಕ್ಕ ಯಾವ ಬಡವನಿಗೂ ಒಪ್ಪಿತವಾಗದು. ಆ ಲೆಕ್ಕವನ್ನು ಅವನಿಗೆ ಅವನ ಮಾತಿನಲ್ಲಿ ಹೇಳಿದವರಿಲ್ಲ, ಅಷ್ಟೆ.

ಅವನು ಯಾರೆಂಬುದನ್ನೂ ನೆನೆಯೋಣ. ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರುಗಳ ಕಡೆಯವರು ಬಹಳ. ನಗರದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆಯಿಡುವುದು ಬಾವಿ, ಮೇಲ್ತೊಟ್ಟಿಗಳಲ್ಲಿ, ಕಾಂಕ್ರೀಟಿನ ಹದಕ್ಕೆಂದು ನಿಲ್ಲಿಸಿದ ತಿಳಿನೀರಿನಲ್ಲಿ. ಗೋರ್ಡನ್ ಕೊವೆಲ್ ಮುಂಬಯಿಯ ಮಲೇರಿಯಾ ಕುರಿತು 1928ರಲ್ಲಿ ವರದಿ ಬರೆದಾಗಲೂ ನಗರದ ಬಾವಿ ತೊಟ್ಟಿಗಳೇ ಅದರ ಮುಖ್ಯ ವಿಷಯ. ಕಟ್ಟಡಗಳ ಭರಾಟೆ ಏರಿದ ಮೇಲೆ ಮಂಗಳೂರು ಮಲೇರಿಯಾದ ಊರೆನಿಸಿಕೊಂಡದ್ದೂ ಇದೇ ದಾರಿಯಲ್ಲಿ. ಮಲೆನಾಡಿನ ಊರುಗಳನ್ನು ಹಿಂದೊಮ್ಮೆ ಹಾಳುಗೆಡವಿದ ಚಳಿಜ್ವರ, ಜ್ವರಗಡ್ಡೆಗಳ ನೆನಪು ನಮ್ಮ ಹಿರಿಯರ ಮಾತಿನಲ್ಲಿ ಇನ್ನೂ ಇದೆ. ಇಂದು ಅದೇ ಜ್ವರ ಕಾಡಿನಂಚಿನಿಂದ ಬಂದು ಲಿಫ್ಟಿಲ್ಲದ ಅರೆಕಟ್ಟಡದ ಹದಿನಾರನೆಯ ಮಹಡಿಯಲ್ಲಿ ಮಲಗಿದವನ ಪಕ್ಕ ಕೂತಿದೆ. ಅವನ ಕೈಯಲ್ಲಿರುವ ಚೀಟಿ ಇಂಗ್ಲಿಷಿನದು. ಅದನ್ನು ವಿವರಿಸುವವರ ಮಾತು ಮರಾಠಿ, ತೆಲುಗು ಅಥವಾ ತಮಿಳು. ರೈಬೋಸೋಮಿನಲ್ಲಿ ನಿಂತ ಅನುವಾದ ಪರೋಪಜೀವಿಯನ್ನು ಕೊಲ್ಲುತ್ತದೆ. ಚಿಕಿತ್ಸಾಲಯದ ಬಾಗಿಲಲ್ಲಿ ನಿಂತ ಅನುವಾದ ರೋಗಿಯನ್ನು ಕೊಲ್ಲಬಹುದು.

ಇನ್ನೊಂದು ಕಾರಣಕ್ಕೂ ಈ ವಿಷಯದಲ್ಲಿ ಅಸಡ್ಡೆ ಸಲ್ಲದು. ಮಲೇರಿಯಾ ಪರೋಪಜೀವಿ ಒಂದೊಂದೇ ಮದ್ದನ್ನು ಮೀರಿ ಬೆಳೆಯುತ್ತ ಬಂದಿದೆ. ನಮ್ಮ ದೇಶದಲ್ಲಿ ಕ್ಲೋರೋಕ್ವಿನ್‌ಗೆ ಬಗ್ಗದ ಫಾಲ್ಸಿಪಾರಮ್ 1973ರಲ್ಲಿ ಅಸ್ಸಾಮಿನಲ್ಲಿ ಮೊದಲು ವರದಿಯಾಯಿತು. ತು ಯೂಯೂ ಅವರಿಗೆ 2015ರ ನೊಬೆಲ್ ತಂದ ಆರ್ಟಿಮಿಸಿನಿನ್‌ನ ಹೊಡೆತವನ್ನೂ ಭಾಗಶಃ ತಾಳಿಕೊಳ್ಳುವ ತಳಿಗಳು ಮೊದಲು ಕಾಂಬೋಡಿಯದಲ್ಲಿ, ಈಚೆಗೆ ಪೂರ್ವ ಆಫ್ರಿಕದಲ್ಲಿ ಕಂಡಿವೆ. ಪೆರು ದೇಶದ ಅಮೆಜಾನ್ ಪ್ರದೇಶದಲ್ಲಿ ಕ್ಲಿಂಡಾಮೈಸಿನ್‌ಗೆ ಮಣಿಯದ ಪರೋಪಜೀವಿಗಳು ಸಿಕ್ಕಿವೆ. ಅವುಗಳ ಅಪಿಕೊಪ್ಲಾಸ್ಟ್ ರೈಬೋಸೋಮಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಗಿಳಿಯ ಗುಟ್ಟು ನಮಗೆ ತಿಳಿದಿದೆ, ನಿಜ. ಆದರೆ ಗಿಳಿಯೂ ಕೊರಳು ತಪ್ಪಿಸುವುದನ್ನು ಕಲಿಯುತ್ತದೆ. ಇನ್ನು ಬೇಡದ ಕಡೆಯೆಲ್ಲ ನುಂಗಿದ ಆಂಟಿಬಯಾಟಿಕ್ ನಮ್ಮ ಹೊಟ್ಟೆಯ, ನಮ್ಮ ಚರಂಡಿಗಳ ಬ್ಯಾಕ್ಟೀರಿಯಗಳಿಗೂ ಪಾಠ ಹೇಳಿಕೊಡುತ್ತದೆ. 2030ರೊಳಗೆ ಮಲೇರಿಯಾವನ್ನು ದೇಶದಿಂದ ಹೊರದೂಡುವ ಗುರಿಯನ್ನು ಭಾರತ ಇಟ್ಟುಕೊಂಡಿದೆ. ಎರಡನೆಯ ಸಾಲಿನ ಆಯುಧಗಳನ್ನು ಹೀಗೆ ಕಂಡಕಂಡಲ್ಲಿ ಬೀಸಿ ಮೊಂಡು ಮಾಡಿಕೊಂಡರೆ, ಮೊದಲ ಸಾಲು ಸೋತ ದಿನ ನಾವು ಕೈ ಚೆಲ್ಲಿ ಕೂರಬೇಕಾಗುತ್ತದೆ.

ಕತೆ, ಕವಿತೆ, ವಿಮರ್ಶೆಗಳ ಬಳಗಕ್ಕೆ ರೈಬೋಸೋಮಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಶತಮಾನದ ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ಅವರ ಗೆಳೆಯರು ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನೇ ಕನ್ನಡದಲ್ಲಿ ಹೊರಡಿಸಿದ್ದರು. ಶಿವರಾಮ ಕಾರಂತರು ಕಾದಂಬರಿ ಬರೆದ ಕೈಯಿಂದಲೇ ವಿಜ್ಞಾನವನ್ನೂ ಬರೆದರು. ಕನ್ನಡಕ್ಕೆ ಇದು ಹೊಸ ಗೊಡವೆಯೇನಲ್ಲ, ಹೊರನಾಡಿನಲ್ಲಿ ನಾವು ಕೈಬಿಟ್ಟ ಗೊಡವೆ. ರಾಜ್ಯೋತ್ಸವದ ವೇದಿಕೆಯಲ್ಲಿ ಭಾಷೆ ಉಳಿಯಬೇಕೆಂದು ಭಾಷಣ ಮಾಡುವುದು ಸುಲಭ. ಆ ಭಾಷೆಯಲ್ಲಿ ಒಬ್ಬನ ಜೀವ ಉಳಿಸುವ ನಾಲ್ಕು ವಾಕ್ಯಗಳನ್ನು ತಪ್ಪಿಲ್ಲದೆ ಬರೆಯುವುದು ಕಷ್ಟ. ಅದು ಬರಹಗಾರರ ಕೆಲಸವೇ.

ಆ ನಾಲ್ಕು ವಾಕ್ಯಗಳು ಇವು. ಜ್ವರ ಬಂದರೆ ಅಂದೇ ರಕ್ತ ಪರೀಕ್ಷೆ ಮಾಡಿಸಿ, ಸರ್ಕಾರಿ ಕೇಂದ್ರದಲ್ಲಿ ಅದಕ್ಕೆ ಕಾಸಿಲ್ಲ. ಮಲೇರಿಯಾ ಎಂದು ತಿಳಿಯುವ ಮೊದಲು ಅಂಗಡಿಯ ಆಂಟಿಬಯಾಟಿಕ್ ನುಂಗಿ ಕಾಯಬೇಡಿ, ಅದು ಮಲೇರಿಯಾವನ್ನು ತಡವಾಗಿ ಕೊಲ್ಲುತ್ತದೆ, ಮಲೇರಿಯಾ ನಿಮ್ಮನ್ನು ಬೇಗ ಕೊಲ್ಲಬಹುದು. ವೈದ್ಯರು ಕೊಟ್ಟ ಮದ್ದನ್ನು ಜ್ವರ ಬಿಟ್ಟ ಮೇಲೆಯೂ ಕೊನೆಯ ಗುಳಿಗೆಯವರೆಗೆ ಮುಗಿಸಿ. ಗರ್ಭಿಣಿಯರ, ಮಕ್ಕಳ ಮದ್ದು ಬೇರೆ, ಇನ್ನೊಬ್ಬರ ಪಟ್ಟಿಯಿಂದ ಹಂಚಿಕೊಳ್ಳಬೇಡಿ.

ಪ್ರತಿಯೊಂದು ಊರಿನ ಕನ್ನಡ ಸಂಘವೂ ಈ ಮಳೆಗಾಲಕ್ಕೆ ಮುನ್ನ ಇಷ್ಟನ್ನು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿ, ಹತ್ತಿರದ ಆರೋಗ್ಯ ಕೇಂದ್ರದ ವಿಳಾಸವನ್ನು ಕೆಳಗೆ ಸೇರಿಸಿ, ಕಾಮಗಾರಿಗಳ ತಗಡಿನ ಗೋಡೆಗಳ ಮೇಲೆ ಅಂಟಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಓದಲು ಬಾರದವರೂ ಅಲ್ಲಿದ್ದಾರೆ. ಆದ್ದರಿಂದ ಅಂಟಿಸಿ ಬಂದರೆ ಸಾಲದು, ಒಮ್ಮೆ ನಿಂತು ಓದಿಯೂ ಹೇಳಬೇಕು. ಯಾದಗಿರಿಯ ಕನ್ನಡವೋ ವಿಜಯಪುರದ ಕನ್ನಡವೋ, ಕೇಳುವವರಿಗೆ ತಮ್ಮ ಮನೆಯ ಮಾತೆನಿಸುವಂತೆ ಹೇಳಬೇಕು. ಗುಳಿಗೆ ಮಾಡುವ ಕೆಲಸವನ್ನು ಗುಳಿಗೆ ಮಾಡಲಿ. ಅದು ಸರಿಯಾದ ಹೊತ್ತಿಗೆ ಸರಿಯಾದ ಕೈ ಸೇರುವಂತೆ ಮಾಡುವ ಕೆಲಸ ಮಾತಿನದು, ಆ ಮಾತು ನಮ್ಮಲ್ಲಿದೆ.